ಲೇಆಫ್ ದಿನ ಮಧ್ಯರಾತ್ರಿಗೆ ಮುಗಿಯುವ ಎಫ್‌ಎಸ್‌ಎ

ನಮ್ಮ ಕಂಪನಿಯ ಲೇಆಫ್ ಪ್ಯಾಕೆಟ್‌ನ ಮೊದಲ ಪುಟದಲ್ಲೇ ದಪ್ಪ ಅಕ್ಷರದಲ್ಲಿ ಬರೆದಿರುತ್ತೆ: ಮೆಡಿಕಲ್, ಡೆಂಟಲ್, ವಿಷನ್ ಕವರೇಜ್ ತಿಂಗಳ ಕೊನೆಯವರೆಗೆ ಇದೆ. ಎಫ್‌ಎಸ್‌ಎ, ಅಂದರೆ ಚಿಕಿತ್ಸೆಯಂಥ ಖರ್ಚಿಗೆ ತೆರಿಗೆಗೆ ಮುಂಚೆಯೇ ಸಂಬಳದಿಂದ ದುಡ್ಡು ಎತ್ತಿಡೋ ಅಕೌಂಟ್, ಅದರ ವಿಷಯ ನಾಲ್ಕನೇ ಪುಟದಲ್ಲಿ, ಕೋಬ್ರಾ (ಕೆಲಸ ಹೋದ ಮೇಲೂ ಸ್ವಂತ ದುಡ್ಡಲ್ಲಿ ಕಂಪನಿ ಕವರೇಜ್ ಮುಂದುವರಿಸೋ ಸೌಲಭ್ಯ) ವಿವರದ ಕೆಳಗೆ, ಒಂದೇ ಒಂದು ಸಾಲು. ಆ ಸಾಲಿಗಾಗಿ ನಾನು ಮ್ಯಾನೇಜ್‌ಮೆಂಟ್ ಜೊತೆ ಇವತ್ತಿಗೂ ಗುದ್ದಾಡ್ತಾ ಇದೀನಿ.

ಟೆಕ್ಸಾಸ್‌ನಲ್ಲಿ ಬೆನಿಫಿಟ್ಸ್ ಟೀಮ್ ಕೆಲಸ ನನ್ನದು. 2025ರ ಮೇ ತಿಂಗಳಲ್ಲಿ ನಮ್ಮಲ್ಲಿ ಲೇಆಫ್ ಆಯ್ತು. ಬೆಳಿಗ್ಗೆಯಿಂದ ಒಂದಾದ ಮೇಲೊಂದು ಕಾಲ್. ಎಚ್‌ಆರ್‌ನವರು ಸುದ್ದಿ ಹೇಳ್ತಾರೆ, ಆಮೇಲೆ ನಾನು ಪ್ಯಾಕೆಟ್ ಓದಬೇಕು. ಸ್ಕ್ರಿಪ್ಟ್ ಬಿಟ್ಟು ಏನೂ ಮಾತಾಡಬೇಡಿ ಅಂತ ಲೀಗಲ್‌ನಿಂದ ಕಟ್ಟಪ್ಪಣೆ. ಮಧ್ಯಾಹ್ನದ ಹೊತ್ತಿಗೆ ಬಂದ ಕಾಲ್ ಹಾಸನದ ಕಡೆಯವರದು. ಗಂಡ-ಹೆಂಡತಿ ಇಬ್ಬರೂ ದುಡಿಯೋರು, ಡೇಕೇರ್‌ಗೆ ಹೋಗೋ ಮಗು. ಆಕೆ ಅಳಲಿಲ್ಲ. ಎಲ್ಲ ಕೇಳಿಸಿಕೊಂಡು, ಎಚ್‌ಆರ್‌ನವರು ಕಾಲ್ ಬಿಟ್ಟ ಮೇಲೆ ಕನ್ನಡದಲ್ಲಿ ಕೇಳಿದರು: "ಮುಂದಿನ ವಾರ ಹಲ್ಲಿನ ಡಾಕ್ಟರ್ ಹತ್ರ ಫಿಲ್ಲಿಂಗ್ ಇದೆ. ತಿಂಗಳ ಕೊನೆವರೆಗೂ ಇನ್ಶೂರೆನ್ಸ್ ಇದೆಯಲ್ಲ, ನನ್ನ ಪಾಲಿಂದು ಎಫ್‌ಎಸ್‌ಎ ಕಾರ್ಡಲ್ಲಿ ಕೊಟ್ಟರೆ ಆಗುತ್ತೆ ಅಲ್ವೇನ್ರೀ?"

ಆ ಪ್ಯಾಕೆಟ್ ಓದಿದ ಯಾರಾದರೂ ಹೌದು ಅಂತಲೇ ಅಂದುಕೊಳ್ತಾರೆ. ನಾನು ಪ್ಲಾನ್ ಡಾಕ್ಯುಮೆಂಟ್ ತೆಗೆದು ನೋಡಿದೆ. ನಮ್ಮ ಪ್ಲಾನ್‌ನಲ್ಲಿ ಹೆಲ್ತ್ ಎಫ್‌ಎಸ್‌ಎ ಕೆಲಸದ ಕೊನೆಯ ದಿನಕ್ಕೇ ಮುಗಿಯುತ್ತೆ. ಅಂದರೆ ಅವತ್ತೇ ಮಧ್ಯರಾತ್ರಿಗೆ. ಲೆಕ್ಕಕ್ಕೆ ಬರೋದು ಚಿಕಿತ್ಸೆ ಆದ ದಿನಾಂಕ, ದುಡ್ಡು ಕೊಟ್ಟ ದಿನಾಂಕ ಅಲ್ಲ. ಮುಂದಿನ ವಾರದ ಫಿಲ್ಲಿಂಗ್‌ಗೆ ಇವತ್ತೇ ದುಡ್ಡು ಕಟ್ಟಿದರೂ ಪ್ರಯೋಜನ ಇಲ್ಲ.

ಆಕೆ ಆ ವರ್ಷದ ಪೂರ್ತಿ ಮಿತಿ, 3,300 ಡಾಲರ್, ಎಲೆಕ್ಟ್ ಮಾಡಿದ್ದರು, ಅಂದರೆ ವರ್ಷದಲ್ಲಿ ಸಂಬಳದಿಂದ ಅಷ್ಟು ಕಟ್ ಆಗಲಿ ಅಂತ ಮೊದಲೇ ಆರಿಸಿಕೊಂಡಿದ್ದರು. ಸಂಬಳದಿಂದ ಅಲ್ಲಿಯವರೆಗೆ ಕಟ್ ಆಗಿದ್ದು ಸುಮಾರು 1,270, ಕ್ಲೇಮ್ ಮಾಡಿದ್ದು 600 ಚಿಲ್ಲರೆ. ಹೆಲ್ತ್ ಎಫ್‌ಎಸ್‌ಎಯಲ್ಲಿ ವರ್ಷದ ಪೂರ್ತಿ ಮೊತ್ತ ಮೊದಲ ದಿನದಿಂದಲೇ ಸಿಗಬೇಕು, ಇದು ಅಮೆರಿಕದ ತೆರಿಗೆ ಇಲಾಖೆ ಐಆರ್‌ಎಸ್‌ನ ನಿಯಮ. ಹಾಗಾಗಿ ಮಧ್ಯರಾತ್ರಿಯೊಳಗೆ ಆಕೆ 2,700 ಡಾಲರ್‌ಗೆ ಹತ್ತಿರ ಖರ್ಚು ಮಾಡಬಹುದಿತ್ತು, ಕಟ್ಟಿದ್ದಕ್ಕಿಂತ ಹೆಚ್ಚಾದದ್ದನ್ನು ಕಂಪನಿ ವಾಪಸ್ ಕೇಳೋ ಹಾಗಿಲ್ಲ. ಖರ್ಚು ಮಾಡದಿದ್ದರೆ ಆಕೆಯದೇ ದುಡ್ಡು ಕಂಪನಿ ಪಾಲು.

ನಾನು ಸ್ಕ್ರಿಪ್ಟ್ ಮುಚ್ಚಿಟ್ಟು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. "ಈಗಲೇ ಕ್ಲಿನಿಕ್‌ಗೆ ಫೋನ್ ಮಾಡಿ, ಇವತ್ತೇ ಸ್ಲಾಟ್ ಇದೆಯಾ ಕೇಳಿ. ಕನ್ನಡಕ ಬದಲಿಸೋದಿದ್ದರೆ ಅದೂ ಇವತ್ತೇ ಮಾಡಿಸಿಬಿಡಿ." ಕ್ಲಿನಿಕ್‌ನಲ್ಲಿ ಯಾರೋ ಅಪಾಯಿಂಟ್‌ಮೆಂಟ್ ಕ್ಯಾನ್ಸಲ್ ಮಾಡಿದ್ದರಂತೆ, ಸಂಜೆ ನಾಲ್ಕಕ್ಕೆ ಬನ್ನಿ ಅಂದರಂತೆ.

ನಾಲ್ಕೂಮುಕ್ಕಾಲಿಗೆ ನನ್ನ ಫೋನ್ ರಿಂಗಾಯ್ತು. ಕ್ಲಿನಿಕ್ ಕೌಂಟರ್‌ನಲ್ಲಿ ಕಾರ್ಡ್ ಡಿಕ್ಲೈನ್. ಬಾಯಿಗೆ ಅರಿವಳಿಕೆ ಕೊಟ್ಟಿದ್ದರಿಂದ ಆಕೆಯ ಮಾತು ತೊದಲುತ್ತಿತ್ತು, ಹಿಂದೆ ಮಗು ರಗಳೆ ಮಾಡ್ತಿತ್ತು. ಕೆಲಸ ಹೋದವರ ಹೆಸರಿರೋ ಟರ್ಮಿನೇಷನ್ ಫೈಲ್ ಎಫ್‌ಎಸ್‌ಎ ನಡೆಸೋ ವೆಂಡರ್‌ಗೆ ರಾತ್ರಿ ಹೋಗುತ್ತೆ, ಸಂಜೆವರೆಗೆ ಕಾರ್ಡ್ ನಡೆಯುತ್ತೆ ಅನ್ನೋದು ನನ್ನ ಎಣಿಕೆ. ಲೇಆಫ್ ಪಟ್ಟಿಯನ್ನು ಮಾತ್ರ ಮಧ್ಯಾಹ್ನವೇ ಕಳಿಸಿಬಿಟ್ಟಿದ್ದರು. "ಅಕೌಂಟ್ ಹೋಯ್ತಾ?" ಅಂದರು ಆಕೆ. ಪೋರ್ಟಲ್ ತೆರೆಯೋಕೆ ತಗೊಂಡ ಆ ಒಂದೆರಡು ನಿಮಿಷದಲ್ಲಿ ನನ್ನ ಅಂಗೈ ಬೆವರಿತು. ಕವರೇಜ್ ಎಂಡ್ ಡೇಟ್ ಅವತ್ತಿನ ತಾರೀಕೇ ಇತ್ತು. ಸತ್ತಿದ್ದು ಕಾರ್ಡ್ ಅಷ್ಟೇ, ಅಕೌಂಟ್ ಅಲ್ಲ. "ನಿಮ್ಮ ಸ್ವಂತ ಕ್ರೆಡಿಟ್ ಕಾರ್ಡ್ ಉಜ್ಜಿ. ಸ್ವೈಪ್ ಚೀಟಿ ಸಾಲದು. ಯಾವ ದಿನ, ಯಾರಿಗೆ, ಏನು ಚಿಕಿತ್ಸೆ, ಎಷ್ಟು ಅಂತ ಬಿಡಿಬಿಡಿಯಾಗಿ ಬರೆದ ಬಿಲ್ ಇಸ್ಕೊಳ್ಳಿ. ರನ್‌ಔಟ್, ಅಂದರೆ ಆಗಿಹೋದ ಖರ್ಚಿಗೆ ಕ್ಲೇಮ್ ಹಾಕೋ ಗಡುವು, 90 ದಿನ ಇದೆ, ನಿಧಾನಕ್ಕೆ ಕ್ಲೇಮ್ ಹಾಕಿ." ಅಲ್ಲಿಂದ ನೇರ ಕನ್ನಡಕದ ಅಂಗಡಿಗೆ ಹೋಗಿ ತಮಗೊಂದು, ಗಂಡನಿಗೊಂದು ಮಾಡಿಸಿದರು. ಎಲ್ಲ ಕ್ಲೇಮೂ ಪಾಸಾಯ್ತು. ಕೋಬ್ರಾ ತಗೊಂಡು ಎಫ್‌ಎಸ್‌ಎ ಮುಂದುವರಿಸೋ ದಾರಿಯೂ ಇತ್ತು, ಆದರೆ ತೆರಿಗೆ ಕಟ್ಟಿದ ದುಡ್ಡಲ್ಲಿ, ಮೇಲೆ 2% ಶುಲ್ಕ ಸೇರಿಸಿ ತಿಂಗಳು ತಿಂಗಳು ಕಟ್ಟಬೇಕು. ಸಂಬಳ ನಿಂತ ಮನೆಗೆ ಅದು ಎಲ್ಲಿ ಆಗುತ್ತೆ?

ಮಕ್ಕಳು, ಅವಲಂಬಿತರ ಆರೈಕೆ ಖರ್ಚಿಗೆ ದುಡ್ಡು ಎತ್ತಿಡೋ ಡಿಪೆಂಡೆಂಟ್ ಕೇರ್ ಅಕೌಂಟ್‌ನಲ್ಲೂ ಆಕೆಯ ದುಡ್ಡಿತ್ತು. ಹೆಸರಲ್ಲಿ ಎಫ್‌ಎಸ್‌ಎ ಅಂತಿದ್ದರೂ ಅದರ ನಡೆ ಪೂರಾ ಉಲ್ಟಾ. ಅಲ್ಲಿ ಕಟ್ ಆಗಿ ಜಮಾ ಆದಷ್ಟೇ ಸಿಗೋದು, ಮುಂಗಡ ಇಲ್ಲ, ಮುಂದಿನ ವರ್ಷಕ್ಕೆ ಕ್ಯಾರಿಓವರ್ ಕೂಡ ಇಲ್ಲ. ಹಿಂದಿನ ತಿಂಗಳುಗಳ ಡೇಕೇರ್ ರಸೀದಿ ಹಾಕಿ ಅಷ್ಟನ್ನೂ ತೆಗೆಸಿಕೊಟ್ಟೆವು.

ಈ ಅಕೌಂಟ್ ಬಗ್ಗೆ, ವರ್ಷಕ್ಕೊಮ್ಮೆ ಬೆನಿಫಿಟ್ಸ್ ಆರಿಸಿಕೊಳ್ಳೋ ಓಪನ್ ಎನ್‌ರೋಲ್‌ಮೆಂಟ್ ಹೊತ್ತಿಗೆ ನಮ್ಮವರು ಕೇಳೋ ಪ್ರಶ್ನೆಗಳೇ ಬೇರೆ. ಬೆಂಗಳೂರಲ್ಲಿರೋ ಅಪ್ಪನಿಗೆ ಹೋಮ್ ನರ್ಸ್ ಇಟ್ಟಿದೀವಿ, ಹಾಕಬಹುದಾ? ಆಗಲ್ಲ, ಅವರು ನಿಮ್ಮ ಜೊತೆ ಇಲ್ಲಿ ವಾಸ ಇರಬೇಕು. ವಿಸಿಟರ್ ವೀಸಾದಲ್ಲಿ ಬಂದ ಅಮ್ಮ ಮಗು ನೋಡ್ಕೋತಾರೆ, ಅವರಿಗೆ ಕೊಟ್ಟಿದ್ದು ನಡೆಯುತ್ತಾ? ಆ ವೀಸಾದಲ್ಲಿ ಸಂಬಳಕ್ಕೆ ದುಡಿಯೋ ಹಾಗೇ ಇಲ್ಲ. ಎಚ್‌-4 (ಗಂಡನ ಕೆಲಸದ ವೀಸಾ ಆಧಾರದ ಮೇಲೆ ಸಿಗೋ ವೀಸಾ) ಮೇಲೆ ಮನೆಯಲ್ಲಿರೋ ಹೆಂಡತಿಗೆ ವರ್ಕ್ ಪರ್ಮಿಟ್ ಇಲ್ಲ, ಮಗು ಪ್ರೀಸ್ಕೂಲ್‌ಗೆ ಹೋಗುತ್ತೆ? ಇಬ್ಬರೂ ದುಡೀಬೇಕು, ಇಲ್ಲವೇ ಕೆಲಸ ಹುಡುಕ್ತಿರಬೇಕು, ಇಲ್ಲವೇ ಒಬ್ಬರು ಫುಲ್ ಟೈಮ್ ಓದ್ತಿರಬೇಕು. ಪರ್ಮಿಟ್ ಕೈಲಿಲ್ಲದೆ ಕೆಲಸ ಹುಡುಕ್ತಿದೀನಿ ಅನ್ನೋಕೂ ಬರಲ್ಲ. ಈ ಉತ್ತರ ಕೊಡುವಾಗ ನನಗೆ ನಿಜಕ್ಕೂ ಸಂಕಟ ಆಗುತ್ತೆ. ಆದರೆ ಕೇಳದೆ ಎಲೆಕ್ಟ್ ಮಾಡಿ ವರ್ಷದ ಕೊನೆಗೆ ದುಡ್ಡು ಕಳ್ಕೊಂಡವರನ್ನು ನೋಡೋದು ಅದಕ್ಕಿಂತ ಕಷ್ಟ.

2026ರಿಂದ ಡಿಪೆಂಡೆಂಟ್ ಕೇರ್ ಮಿತಿ ಒಂದು ಮನೆಗೆ 5,000ದಿಂದ 7,500 ಡಾಲರ್‌ಗೆ ಏರಿದೆ, ಹೆಲ್ತ್ ಎಫ್‌ಎಸ್‌ಎ 3,400 ಆಗಿದೆ. ಇನ್‌ಕಮ್ ಟ್ಯಾಕ್ಸ್ ಜೊತೆಗೆ 7.65% ಸೋಷಿಯಲ್ ಸೆಕ್ಯುರಿಟಿ, ಮೆಡಿಕೇರ್ ಕಡಿತವೂ ಉಳಿಯುತ್ತೆ ಅಂತ ಜನ ಹೆಚ್ಚು ಹಾಕ್ತಾರೆ, ಹಾಕಲಿ. ಹೆಚ್ಚು ಹಾಕಿದಷ್ಟೂ ಆ ನಾಲ್ಕನೇ ಪುಟದ ಸಾಲಿನ ಭಾರ ಜಾಸ್ತಿ.

ಸಾಲನ್ನು ಮೊದಲ ಪುಟಕ್ಕೆ ತನ್ನಿ, ಫೈಲ್ ರಾತ್ರಿಯೇ ಕಳಿಸಿ ಅಂತ ಲಿಖಿತವಾಗಿ ಕೇಳಿದೆ. "ಹೋಗೋರಿಗೆಲ್ಲ ಹೀಗೆ ಹೇಳ್ತಾ ಹೋದರೆ ಕಂಪನಿಗೆ ನಷ್ಟ" ಅಂದರು ಮೇಲಿನವರು. ಬಿಟ್ಟುಹೋದವರ ದುಡ್ಡು ಕಂಪನಿಗೇ ಉಳಿಯುವಾಗ ಈ ಮಾತು ಯಾರೂ ಎತ್ತಲ್ಲ. ಫೈಲ್ ಸಮಯ ಬದಲಾಯಿತು. ಪ್ಯಾಕೆಟ್‌ನ ಹೊಸ ಟೆಂಪ್ಲೇಟ್ ಇನ್ನೂ ಲೀಗಲ್ ಹತ್ರ ಕೂತಿದೆ. ಅದು ಬರೋವರೆಗೆ ಪ್ರತಿ ಕಾಲ್‌ನಲ್ಲೂ ನಾನು ನಾಲ್ಕನೇ ಪುಟದಿಂದಲೇ ಓದೋಕೆ ಶುರು ಮಾಡ್ತೀನಿ.