ಟಿ-52 ಕೆಲಸ, ಕಂತು 6: ‘ಇ’ ಪದೇ ಪದೇ ‘ಟಿ’ ಆಗಿದ್ದೇಕೆ

ಮೂರು ವಾರ ಹಾಳಾಯಿತು. ಎರಡು ಸಲ ರಿಲೇ (ಕರೆಂಟ್ ಕೊಟ್ಟರೆ ತಾನೇ ಹೊಡೆದುಕೊಳ್ಳುವ ಸ್ವಿಚ್ಚು) ಬದಲಾಯಿಸಿದೆ, ಒಂದು ಸಲ ಪೂರ್ತಿ ವೈರಿಂಗ್ ಕಿತ್ತು ಹಾಕಿದೆ, ಮೈಸೂರಿನ ಗೆಳೆಯನ ಜೊತೆ ಸಣ್ಣ ಜಗಳವನ್ನೂ ಆಡಿದೆ. ಕೊನೆಗೆ ಕಳ್ಳ ಸಿಕ್ಕಿದ್ದು ಒಂದು ಹಲ್ಲುಕಡ್ಡಿಯ ತುದಿಯಲ್ಲಿ.

ಹತ್ತು ಚಕ್ರ, ಐದು ಕೂಡುವ ರಿಲೇ, ಐದು ಅದಲುಬದಲು ರಿಲೇ, ಇದೆಲ್ಲ ಹಿಂದಿನ ಕಂತುಗಳಲ್ಲಿ ಆಗಿದೆ. ಪವರ್ ಸಪ್ಲೈ, ಬೆಸುಗೆ, ಸೆನ್ಸರ್ ಕೂರಿಸುವುದು ನಿಮಗೆ ಗೊತ್ತಿರುವ ಗೋಳೇ. ಹೊಸದಾಗಿ ಬಂದವರಿಗೆ ಎರಡು ಮಾತು ಸಾಕು. ಟಿ-52 ಅಂದರೆ ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರು ಟೆಲಿಪ್ರಿಂಟರ್ ಸಂದೇಶಗಳನ್ನು ಗುಟ್ಟು ಮಾಡಲು ಬಳಸಿದ ಯಂತ್ರ. ನಾನು ಕಟ್ಟುತ್ತಿರುವುದು ಅದನ್ನಲ್ಲ, ಅದರ ಗುಟ್ಟನ್ನು ಬಿಚ್ಚಲು ಸ್ವೀಡನ್ನರು ಕಟ್ಟಿದ ಯಂತ್ರದ ಮೇಜಿನ ಮೇಲಿನ ತಮ್ಮನನ್ನು. ಅಲ್ಲಿನವರು ಅದನ್ನು ‘ಆ್ಯಪ್’ ಎಂದೇ ಕರೆಯುತ್ತಿದ್ದರಂತೆ, ಉಪಕರಣ ಎನ್ನುವ ಅವರ ಪದದ ಮೊಟಕು ರೂಪ. ಹಾಗಾಗಿ ಮನೆಯಲ್ಲಿ ಯಾರಾದರೂ ಕೇಳಿದರೆ ಆ್ಯಪ್ ಮಾಡುತ್ತಿದ್ದೇನೆ ಎನ್ನುತ್ತೇನೆ. ಗೌರವ ಜಾಸ್ತಿ ಸಿಗುತ್ತದೆ.

1940ರ ಏಪ್ರಿಲ್ 9ರಂದು ಜರ್ಮನಿ ಡೆನ್ಮಾರ್ಕ್ ಮತ್ತು ನಾರ್ವೆಗೆ ನುಗ್ಗಿತು. ಆಮೇಲೆ ನಾರ್ವೆಯಿಂದ ಬರ್ಲಿನ್‌ಗೆ ಮಾತಾಡಲು ತಂತಿ ಬೇಕಲ್ಲ, ಸ್ವೀಡನ್ ಮೂಲಕ ಹೋಗುವ ಕೇಬಲ್ ಬಾಡಿಗೆಗೆ ಕೊಡಿ ಎಂದು ಕೇಳಿತು. ಸ್ವೀಡನ್ ತಟಸ್ಥ ದೇಶ. ಇಲ್ಲ ಎನ್ನುವ ಧೈರ್ಯವೂ ಅಷ್ಟಾಗಿ ಇರಲಿಲ್ಲ. ತಗೊಳ್ಳಿ ಎಂದಿತು. ತಂತಿ ಕೊಟ್ಟ ಕೈಯಲ್ಲೇ ಅದಕ್ಕೊಂದು ಕಿವಿಯನ್ನೂ ಜೋಡಿಸಿತು. ಪಕ್ಕದ ಮನೆಯ ದಾದಾ ನಮ್ಮ ಮನೆಯ ಫೋನ್ ಕೇಳಿದರೆ, ಕೊಟ್ಟು ಎಕ್ಸ್‌ಟೆನ್ಶನ್ ಎತ್ತಿಕೊಂಡು ಕೂತ ಹಾಗೆ. ಬೇಹುಗಾರಿಕೆ ಎಂದರೆ ಕಪ್ಪು ಕೋಟು, ಮಧ್ಯರಾತ್ರಿಯ ಸೇತುವೆ ಎಂದುಕೊಂಡಿದ್ದ ನನಗೆ ಈ ಬಾಡಿಗೆ ವ್ಯವಹಾರವೇ ಹುಚ್ಚು ಹಿಡಿಸಿದ್ದು.

ತಂತಿಯಲ್ಲಿ ಬರುತ್ತಿದ್ದುದು ಮಾತ್ರ ಗೊಜ್ಜು. ಸೀಮೆನ್ಸ್ ಕಂಪನಿಯ ಟಿ-52, ‘ಗೆಹೈಮ್‌ಶ್ರೈಬರ್’, ಅಂದರೆ ಗುಟ್ಟಿನ ಬರಹಗಾರ. ಟೆಲಿಪ್ರಿಂಟರಿನ ಪ್ರತಿ ಅಕ್ಷರ ಐದು ಸೊನ್ನೆ-ಒಂದುಗಳು. ಐದು ಚಕ್ರ ಆ ಐದಕ್ಕೆ ತಮ್ಮ ಸೊನ್ನೆ-ಒಂದು ಕೂಡುತ್ತವೆ (ಒಂದಕ್ಕೆ ಒಂದು ಕೂಡಿದರೆ ಇಲ್ಲಿ ಸೊನ್ನೆ). ಇನ್ನೈದು ಚಕ್ರ ಬಂದದ್ದನ್ನು ಅದಲುಬದಲು ಮಾಡುತ್ತವೆ. ಪ್ರತಿ ಅಕ್ಷರಕ್ಕೂ ಚಕ್ರ ಒಂದು ಮನೆ ಮುಂದೆ ಸಾಗುತ್ತದೆ. ಚಕ್ರಗಳ ಮನೆಗಳು 47, 53, 59, 61, 64, 65, 67, 69, 71, 73. ಯಾವ ಎರಡಕ್ಕೂ ಒಂದೇ ಅಪವರ್ತನ ಇಲ್ಲ. ಹಾಗಾಗಿ ಎಲ್ಲ ಚಕ್ರಗಳೂ ಒಟ್ಟಿಗೆ ಶುರುವಿನ ಜಾಗಕ್ಕೆ ಬರಲು ಸುಮಾರು 8,900 ಕೋಟಿ ಕೋಟಿ ಕೋಟಿ ಅಕ್ಷರ ಬೇಕು ಎಂದು ಬರೆಯಲು ಹೊರಟಿದ್ದೆ, ಗೆಳೆಯ ಕೈ ಹಿಡಿದ. ಒಂದು ಕೋಟಿ ಜಾಸ್ತಿಯಾಗಿತ್ತು. ಒಂಬತ್ತರ ಮುಂದೆ ಹದಿನೇಳು ಸೊನ್ನೆಗೆ ಸ್ವಲ್ಪ ಕಮ್ಮಿ ಅಷ್ಟೇ.

ಇದನ್ನು ಉಪ್ಸಾಲಾದ ಗಣಿತ ಪ್ರೊಫೆಸರ್ ಆರ್ನೆ ಬ್ಯೂರ್ಲಿಂಗ್ ಕಾಗದ, ಪೆನ್ಸಿಲ್ ಇಟ್ಟುಕೊಂಡು ಸುಮಾರು ಎರಡು ವಾರದಲ್ಲಿ ಒಡೆದ. ಯಂತ್ರವನ್ನು ಕಣ್ಣಲ್ಲೂ ನೋಡಿರಲಿಲ್ಲ. ನಾನು ನಕ್ಷೆ ಎದುರಿಗಿಟ್ಟುಕೊಂಡು ಮೂರು ವಾರ ಒದ್ದಾಡಿದೆ.

ಈಗ ನನ್ನ ಗೋಳು.

ಯಂತ್ರ ತಯಾರಾದ ದಿನ ಒಂದು ಸಂದೇಶ ಗುಟ್ಟು ಮಾಡಿದೆ, ಚಕ್ರಗಳನ್ನು ಮತ್ತೆ ಅದೇ ಜಾಗಕ್ಕೆ ತಂದು ಬಿಚ್ಚಿದೆ. ಸೊಗಸಾಗಿ ಬಂತು. ನೂರು ಅಕ್ಷರ, ಐನೂರು ಅಕ್ಷರ, ಏನು ಕೊಟ್ಟರೂ ಸರಿ. ರಾತ್ರಿ ಹನ್ನೊಂದಕ್ಕೆ ಹತ್ತು ರಿಲೇ ಒಟ್ಟಿಗೆ ಚಟಪಟ ಅನ್ನುವುದು ನನಗೆ ಸಂಗೀತ. ಒಳಗಿನ ಕೋಣೆಯಿಂದ ಬೇರೆ ಅಭಿಪ್ರಾಯ ಬಂತು.

ಮಾರನೆಯ ದಿನ ಗೆಳೆಯ, ಇದೇ ಯಂತ್ರದಂತೆ ಗುಟ್ಟು ಮಾಡುವ ತನ್ನ ಪೈಥಾನ್ (ಕಂಪ್ಯೂಟರ್) ಪ್ರೋಗ್ರಾಮಿನಿಂದ ಒಂದು ಸಂದೇಶ ಕಳಿಸಿದ. ಚಕ್ರಗಳ ಸೊನ್ನೆ-ಒಂದಿನ ಪಟ್ಟಿ ಇಬ್ಬರದೂ ಒಂದೇ, ನಾವೇ ಕೂತು ಮಾಡಿಕೊಂಡದ್ದು. ಬಿಚ್ಚಿದರೆ ಮೊದಲ ಸಾಲು ಚೆನ್ನಾಗಿದೆ, ಆಮೇಲೆ ಅಲ್ಲಲ್ಲಿ ಹುಳ ಹಿಡಿದ ಹಾಗೆ. ಬರ್ಲಿನ್ ಎಂಬ ಪದದಲ್ಲಿ ಇಂಗ್ಲಿಷ್ ‘ಇ’ (E) ಇರಬೇಕಾದಲ್ಲಿ ‘ಟಿ’ (T). ಪದಗಳ ನಡುವಿನ ಖಾಲಿ ಜಾಗದಲ್ಲಿ ‘ವೈ’. ಸುಮಾರು ನಾಲ್ಕರಲ್ಲಿ ಒಂದು ಅಕ್ಷರ ತಪ್ಪು. ಓದಿದರೆ ಅರ್ಥವಾಗುತ್ತದೆ, ಆದರೆ ನೆಗಡಿ ಆದವನು ಓದಿದ ಹಾಗೆ. ನಿನ್ನ ಪ್ರೋಗ್ರಾಂ ಸರಿಯಿಲ್ಲ ಎಂದೆ. ನನ್ನ ಯಂತ್ರ ತಾನು ಬರೆದದ್ದನ್ನು ತಾನು ಸರಿಯಾಗಿ ಓದುತ್ತದಲ್ಲ, ಇನ್ನೇನು ಸಾಕ್ಷಿ ಬೇಕು? ಜಗಳ ಆದದ್ದು ಇಲ್ಲೇ.

ಜಗಳದ ನಂತರ ಸಿಟ್ಟಿನಲ್ಲೇ ತಪ್ಪುಗಳನ್ನು ಕಾಗದದ ಮೇಲೆ ಐದೈದು ಚುಕ್ಕಿಯಾಗಿ, ಅಂದರೆ ಐದೈದು ಸೊನ್ನೆ-ಒಂದಾಗಿ, ಬರೆದೆ. ‘ಇ’ ಅಂದರೆ 10000. ‘ಟಿ’ ಅಂದರೆ 00001. ‘ಎ’ ಇದ್ದಲ್ಲಿ ‘ಎಲ್’ ಬಂದಿತ್ತು: 11000 ಹೋಗಿ 01001. ‘ಎಸ್’ ಇದ್ದಲ್ಲಿ ‘ಎಚ್’: 10100 ಹೋಗಿ 00101. ಖಾಲಿ ಜಾಗ 00100, ಅದು ‘ವೈ’ ಆಗಿ 10101. ಪ್ರತಿ ಸಲವೂ ಕೆಟ್ಟಿರುವುದು ಎರಡೇ ಚುಕ್ಕಿ, ಮೊದಲನೆಯದು ಮತ್ತು ಐದನೆಯದು. ಒಂದೇ ಚುಕ್ಕಿ ಕೆಟ್ಟ ಅಕ್ಷರ ಎಲ್ಲೂ ಇಲ್ಲ, ಮೂರು ಕೆಟ್ಟದ್ದೂ ಇಲ್ಲ.

ಕೂಡುವ ಚಕ್ರ ಒಂದು ತಪ್ಪಿದ್ದರೆ ಒಂದೇ ಚುಕ್ಕಿ ಕೆಡಬೇಕು. ಎರಡು ಕೆಡುತ್ತಿದೆ ಎಂದರೆ ಅದಲುಬದಲಿನಲ್ಲಿ ಯಾರೋ ಹೊತ್ತಲ್ಲದ ಹೊತ್ತಿನಲ್ಲಿ ಜಾಗ ಬದಲಾಯಿಸುತ್ತಿದ್ದಾರೆ. ಗೊಜ್ಜಿನಲ್ಲಿ ಎರಡೂ ಚುಕ್ಕಿ ಒಂದೇ ಆಗಿದ್ದಾಗ ಬದಲಾಯಿಸಿದರೂ ಕಾಣುವುದಿಲ್ಲ. ಅರ್ಧದಷ್ಟು ಸಲ ತಪ್ಪಾಗಿ ಬದಲಾಯಿಸಿ, ಅದರಲ್ಲೂ ಅರ್ಧ ಮಾತ್ರ ಕಂಡರೆ ತಪ್ಪು ನಾಲ್ಕಕ್ಕೆ ಒಂದು. ಈ ಬೆಳಕು ನನ್ನ ತಲೆಯದಲ್ಲ. ಗುಟ್ಟನ್ನು ಒಡೆಯುವವರಿಗೆ ದಾರಿ ಬಿಡುವುದೇ ಇಂಥ ಕಡೆ. ಜಾಗ ಬದಲಾಯಿಸಿದರೆ ಒಂದುಗಳ ಸಂಖ್ಯೆ ಬದಲಾಗುವುದಿಲ್ಲ. ಜರ್ಮನ್ ಆಪರೇಟರುಗಳು ಚಕ್ರಗಳನ್ನು ಹಿಂದಿನ ಜಾಗಕ್ಕೇ ತಿರುಗಿಸಿ ಒಂದೇ ಸೆಟ್ಟಿಂಗಿನಲ್ಲಿ ಸಂದೇಶದ ಮೇಲೆ ಸಂದೇಶ ಬಿಡುತ್ತಿದ್ದರು. ಅಂಥ ಎರಡನ್ನು ಒಂದರ ಕೆಳಗೊಂದು ಬರೆದು ಹೋಲಿಸಿದರೆ ಕೂಡಿದ್ದು ವಜಾ ಆಗುತ್ತದೆ, ಉಳಿಯುವುದು ಜಾಗ ಬದಲಾದ ವ್ಯತ್ಯಾಸ ಮಾತ್ರ. ಮೂಲದಲ್ಲಿ ಎರಡು ಚುಕ್ಕಿ ವ್ಯತ್ಯಾಸ ಇದ್ದರೆ ಗೊಜ್ಜಿನಲ್ಲೂ ಎರಡೇ. ಬ್ಯೂರ್ಲಿಂಗ್ ಕೈಗೆ ಸಿಕ್ಕಿದ್ದು 1940ರ ಮೇ 25ರ ಸಂದೇಶಗಳು. ಹೇಗೆ ಒಡೆದಿರಿ ಎಂದು ಮುಂದೆ ಕೇಳಿದಾಗ ಜಾದೂಗಾರ ತನ್ನ ಗುಟ್ಟು ಬಿಡುವುದಿಲ್ಲ ಎಂದು ಬಾಯಿ ಮುಚ್ಚಿಸಿದನಂತೆ. ಯಂತ್ರದ ಸೋಮಾರಿತನಕ್ಕಿಂತ ಮನುಷ್ಯನ ಸೋಮಾರಿತನವೇ ಅವನಿಗೆ ಒದಗಿದ್ದು ಎಂದು ನನ್ನ ಅನಿಸಿಕೆ.

ನನ್ನ ಯಂತ್ರದಲ್ಲಿ ಒಂದು-ಐದನ್ನು ಬದಲಾಯಿಸುವುದು ಒಂದೇ ರಿಲೇ. ಆರನೇ ನಂಬರಿನದು. ಸಿಕ್ಕಿಬಿದ್ದ ಎಂದು ಕುಣಿದೆ. ಬಿಚ್ಚಿ ಹೊಸದು ಹಾಕಿದೆ. ತಪ್ಪು ಹಾಗೇ ಇದೆ.

ಇಲ್ಲಿ ಸ್ವಲ್ಪ ಅಂಗಡಿ ಪುರಾಣ. ಡಬಲ್ ಪೋಲ್ (ಎರಡು ತಂತಿಯನ್ನು ಒಟ್ಟಿಗೆ ಬದಲಾಯಿಸುವ), 12 ವೋಲ್ಟ್ ರಿಲೇ ಇಪ್ಪತ್ತು ಬೇಕು ಎಂದು ಚೀಟಿ ಬರೆದೇ ಕೊಟ್ಟಿದ್ದೆ. ಬಂದದ್ದರಲ್ಲಿ ಆರು ಸಿಂಗಲ್ ಪೋಲ್, ಎರಡು 5 ವೋಲ್ಟಿನವು. “ಎಲ್ಲ ಒಂದೇ ಸಾರ್, ಟಕ್ ಅಂತ ಹೊಡೆಯುತ್ತೆ” ಎಂದ ಪುಣ್ಯಾತ್ಮ. 5 ವೋಲ್ಟಿನದಕ್ಕೆ 12 ಕೊಟ್ಟರೆ ಟಕ್ ಅಂತ ಒಂದೇ ಸಲ ಹೊಡೆಯುತ್ತೆ, ಆಮೇಲೆ ವಾಸನೆ ಹೊಡೆಯುತ್ತೆ. ಹಾಗಾಗಿ ರಿಲೇ ಮೇಲೆ ನನಗೆ ಮೊದಲೇ ಅನುಮಾನ. ಇನ್ನೊಂದು ಸಲ ಬದಲಾಯಿಸಿದೆ. ಬಿಸಿಯಾಗುತ್ತಿದೆಯೇನೋ ಎಂದು ಟೇಬಲ್ ಫ್ಯಾನ್ ಇಟ್ಟೆ. ಯಾಕೆಂದರೆ ತಪ್ಪು ಯಾವಾಗಲೂ ಸ್ವಲ್ಪ ಹೊತ್ತು ಓಡಿದ ಮೇಲೆ ಶುರುವಾಗುತ್ತಿತ್ತು, ಅದೂ ಒಂದು ಸಂದೇಶದಲ್ಲಿ 12ನೇ ಅಕ್ಷರಕ್ಕೆ, ಇನ್ನೊಂದರಲ್ಲಿ 50ಕ್ಕೆ. ಫ್ಯಾನಿನಿಂದ ಆದದ್ದಿಷ್ಟು, ಕಾಗದದ ಪಟ್ಟಿಗಳು ಹಾರಿ ಸೋಫಾದ ಕೆಳಗೆ ಹೋದವು.

ಎಲ್ಲ ಬಿಟ್ಟು ಕೊನೆಗೆ ಗೆಳೆಯನಿಗೆ ಫೋನ್ ಮಾಡಿದೆ. ಎಲ್ಲ ಚಕ್ರ 1ರಲ್ಲಿ ಇಡು, ಬರೀ ‘ಇ’ ಇನ್ನೂರು ಸಲ ಕಳಿಸು ಎಂದೆ. ಬಿಚ್ಚಿದೆ. 74 ‘ಇ’ಗಳು ಸಾಲಾಗಿ ಬಂದವು. 75ನೆಯದು ‘ಟಿ’. ಆಮೇಲೆ ಆರನೇ ರಿಲೇ ನಡೆಸುವ ಚಕ್ರವನ್ನು ಮಾತ್ರ 31ಕ್ಕೆ ಇಟ್ಟು ಇನ್ನೊಂದು ಸಲ. ಈ ಬಾರಿ 43ನೇ ಅಕ್ಷರದಲ್ಲೇ ‘ಟಿ’. ಚಕ್ರ ಮುಂದೆ ಇಟ್ಟಷ್ಟೂ ತಪ್ಪು ಬೇಗ ಬರುತ್ತಿದೆ. ಬಿಸಿಯೂ ಅಲ್ಲ, ಮಣ್ಣೂ ಅಲ್ಲ. ಚಕ್ರ ಒಂದು ಸುತ್ತು ಮುಗಿಸಿದ ಕೂಡಲೇ ಕೆಡುತ್ತಿದೆ.

ಆ ಚಕ್ರ 73 ಮನೆಯದು. ನನ್ನ ಚಕ್ರಗಳು ತೂತಿನ ಡಿಸ್ಕುಗಳು: ಮನೆಗೊಂದು ತೂತು, ಅದು ತೆರೆದಿದೆಯೋ ಕಪ್ಪು ಟೇಪ್ ಅಂಟಿದೆಯೋ ಎಂಬುದೇ ಆ ಮನೆಯ ಸೊನ್ನೆ-ಒಂದು. ಡಿಸ್ಕ್ ಬಿಚ್ಚಿ, ಒಂದು ತೂತಿಗೆ ಮಾರ್ಕರಿನಲ್ಲಿ ಗುರುತು ಹಾಕಿ, ಹಲ್ಲುಕಡ್ಡಿ ಚುಚ್ಚುತ್ತಾ ಎಣಿಸಿದೆ. 72. ಮತ್ತೆ ಎಣಿಸಿದೆ. 72. ಹೆಂಡತಿಯನ್ನು ಕರೆದು ಎಣಿಸಲು ಹೇಳಿದೆ. “ಎಪ್ಪತ್ತೆರಡು. ಇದಕ್ಕಾ ಮೂರು ವಾರ?”

ಆಗಿದ್ದೇನೆಂದರೆ, ಹತ್ತು ಅಕ್ರಿಲಿಕ್ ಡಿಸ್ಕಿನಲ್ಲಿ ಒಂಬತ್ತು ಸರಿಯಾಗಿ ಬಂದಿದ್ದವು, ಒಂದು ಬಿರುಕು ಬಿಟ್ಟಿತ್ತು. ಬದಲಿ ಕೇಳಿದೆ. ಅಷ್ಟರಲ್ಲಿ ಲೇಸರ್ ಅಂಗಡಿಯ ಹುಡುಗ ನನ್ನ ಫೈಲ್ ಅಳಿಸಿ ಹಾಕಿದ್ದ, ಅಳತೆ ನೋಡಿ ತಾನೇ ಬರೆದ. ವಿಚಾರಿಸಿದರೆ ಹೆಮ್ಮೆಯಿಂದ ಹೇಳಿದ: 360ನ್ನು 73ರಿಂದ ಭಾಗಿಸಿದರೆ 4.93 ಅಂತ ಏನೇನೋ ಬರುತ್ತೆ ಸಾರ್, ನೀಟಾಗಿ 5 ಡಿಗ್ರಿ ಇಟ್ಟುಬಿಟ್ಟೆ. ಅವನ ಅಚ್ಚುಕಟ್ಟಿಗೆ ಏನು ಹೇಳುವುದು. ಪಟ್ಟಿಯಲ್ಲಿ ನಾನು ಬರೆದುಕೊಂಡದ್ದು ಕಪ್ಪು ಟೇಪ್ ಅಂಟಿಸಬೇಕಾದ ತೂತುಗಳ ನಂಬರ್ ಮಾತ್ರ. 73ನೆಯದು ತೆರೆದಿರಬೇಕಾದ ತೂತು. ಅಂಟಿಸುವ ಕೆಲಸವೇ ಇಲ್ಲದ್ದರಿಂದ ಅದು ಇಲ್ಲ ಎನ್ನುವುದೇ ನನಗೆ ಗೊತ್ತಾಗಲಿಲ್ಲ.

ನನ್ನ ಯಂತ್ರ ತನ್ನ ಸಂದೇಶವನ್ನು ತಾನೇ ಓದಿಕೊಂಡದ್ದು ಯಾಕೆ ಎಂಬುದೂ ಇಲ್ಲೇ ಇದೆ. ಬರೆಯುವಾಗಲೂ 72, ಓದುವಾಗಲೂ 72. ಗೆಳೆಯನ 73ರ ಎದುರು ಪ್ರತಿ ಸುತ್ತಿಗೂ ಒಂದೊಂದು ಮನೆ ಹಿಂದೆ ಮುಂದೆ. 72 ಗುಣಿಸು 73, ಅಂದರೆ 5256 ಅಕ್ಷರ ಆದ ಮೇಲೆ ಎರಡೂ ಮತ್ತೆ ಒಂದಾಗುತ್ತವೆ. ಅಷ್ಟು ಉದ್ದದ ಸಂದೇಶ ಕಳಿಸಿದ್ದರೆ ಕೊನೆಯಲ್ಲಿ ತಾನಾಗಿಯೇ ಸರಿ ಹೋಗಿ ನನ್ನನ್ನು ಇನ್ನೂ ಮೂರು ವಾರ ಕಾಡುತ್ತಿತ್ತು.

ಎಲ್.ಎಂ. ಎರಿಕ್ಸನ್ ಕಂಪನಿಯ ಎಂಜಿನಿಯರ್ ವಿಗೊ ಲಿಂಡ್‌ಸ್ಟೈನ್ ನಿಜವಾದ ಆ್ಯಪ್‌ಗಳನ್ನು ಕಟ್ಟಿದಾಗ ಅವನಿಗೆ ಹೋಲಿಸಲು ಗೆಳೆಯನ ಪ್ರೋಗ್ರಾಂ ಇರಲಿಲ್ಲ. ಹೋಲಿಕೆಗೆ ಇದ್ದದ್ದು ಜರ್ಮನ್ ಭಾಷೆ ಮಾತ್ರ. ಹೊರಗೆ ಬಂದ ಪಟ್ಟಿಯಲ್ಲಿ ಜರ್ಮನ್ ಕಂಡರೆ ಯಂತ್ರ ಸರಿ, ಇಲ್ಲದಿದ್ದರೆ ಬಿಚ್ಚು. ಸ್ಟಾಕ್‌ಹೋಮಿನ ಕಾರ್ಲಾಪ್ಲಾನ್‌ನ ಒಂದು ಕಟ್ಟಡದಲ್ಲಿ ಅವು ಹಗಲೂ ರಾತ್ರಿ ಓಡಿದವು. 1941ರ ಜೂನ್ 22ರಂದು ಹಿಟ್ಲರ್ ರಷ್ಯಾ ಮೇಲೆ ಬೀಳುವ ಮೊದಲೇ ಸ್ವೀಡನ್ನಿನವರಿಗೆ ಅದರ ವಾಸನೆ ಸಿಕ್ಕಿತ್ತು. 1942ರಲ್ಲಿ ಸ್ವೀಡನ್ನರು ಓದುತ್ತಿದ್ದಾರೆ ಎಂಬ ಸುಳಿವು ಜರ್ಮನ್ನರಿಗೂ ಸಿಕ್ಕಿತು, ನಿಧಾನಕ್ಕೆ ಬಾವಿ ಬತ್ತಿತು.

ಮುಂದಿನ ಟಿ-52ಡಿ ಮಾದರಿಯಲ್ಲಿ ಚಕ್ರಗಳು ಒಂದನ್ನೊಂದು ತಡೆದು ತಡೆದು ನಡೆಯುತ್ತವೆ. ಅದನ್ನು ಕಟ್ಟುವ ಆಸೆ ಇತ್ತು. ಈಗ ಇಲ್ಲ. ಬದಲಿಗೆ ಸ್ವೀಡನ್ನಿನವನೇ ಆದ ಬೋರಿಸ್ ಹಾಗೆಲಿನ್‌ನ ಸಿ-38 ಎಂಬ ಗುಟ್ಟಿನ ಯಂತ್ರದ ಮೇಲೆ ಕಣ್ಣು ಬಿದ್ದಿದೆ. ಆರೇ ಚಕ್ರ: 26, 25, 23, 21, 19, 17. ಕರೆಂಟೇ ಬೇಡ. ಅದನ್ನು ಚನ್ನಪಟ್ಟಣದ ಹಾಲೆ ಮರದಲ್ಲಿ, ಅರಗಿನ ಬಣ್ಣ ಹಾಕಿ ಮಾಡಿಸಿದರೆ ಹೇಗೆ? ಆರು ಚಕ್ರಕ್ಕೆ ಆರು ಬಣ್ಣ. ಲೇತ್ ಹಿಡಿಯುವವರು ಯಾರಾದರೂ ಪರಿಚಯ ಇದ್ದರೆ ಹೇಳಿ. ಹಲ್ಲು ಎಣಿಸಲು ಬರುವವರೇ ಆಗಬೇಕು.

ಹೊಸ ಡಿಸ್ಕ್ ನಾನೇ ಮಾಡಿಕೊಂಡೆ. ಹಳೇ ಸಿ.ಡಿ. ಮೇಲೆ 73 ಗೆರೆಯ ಕಾಗದ ಅಂಟಿಸಿ, ಒಂದು ಮಿಲಿಮೀಟರ್ ಡ್ರಿಲ್ ಬಿಟ್ಟಿನಲ್ಲಿ ತೂತು. ಎರಡು ಸಿ.ಡಿ. ಒಡೆದವು. ಮೂರನೆಯದು ನಿಂತಿದೆ. ಅದನ್ನು ಹಾಕಿ ಗೆಳೆಯನ ಮೊದಲ ಸಂದೇಶವನ್ನೇ ಮತ್ತೆ ಓಡಿಸಿದೆ. ಮುನ್ನೂರು ಚಿಲ್ಲರೆ ಅಕ್ಷರ, ಒಂದೂ ತಪ್ಪಿಲ್ಲ. ಬರ್ಲಿನ್, ಓಸ್ಲೋ ಎಂದು ನಾಲ್ಕು ಸಾಲು ನಾಟಕ ಆಡಿ, ಕೊನೆಗೆ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ: ಕಳೆದ ದೀಪಾವಳಿಗೆ ತಗೊಂಡ ನನ್ನ ಮಲ್ಟಿಮೀಟರ್ ವಾಪಸ್ ಕೊಡು.