ಬಾಗಿಲ ಹಿಂದೆ ಯಾರೋ!

ನಡುರಾತ್ರಿ ನೀರು ಕುಡಿಯೋಣ ಅಂತ ಎದ್ದೆ. ಬಾಗಿಲ ಹಿಂದೆ ಯಾರೋ ನಿಂತು ನನ್ನನ್ನೇ ನೋಡುತ್ತಿದ್ದರು. ಎದೆ ಧಸಕ್ಕೆಂದಿತು. ಲೈಟ್ ಹಾಕಿದರೆ ಮೊಳೆಗೆ ನೇತುಹಾಕಿದ್ದ ನನ್ನದೇ ಬ್ಯಾಗು! ಎರಡು ಬಕಲ್ ಕಣ್ಣು, ಕೆಳಗೆ ಬಾಗಿದ ಜಿಪ್ ಬಾಯಿ. ಸೊಟ್ಟ ನಗು ಬೇರೆ.

ತಪ್ಪು ನನ್ನದಲ್ಲ ಬಿಡಿ. ಮಿದುಳಿನ ಕೆಳಭಾಗದಲ್ಲಿ ಮುಖ ಕಂಡರೆ ಜಾಸ್ತಿ ಚುರುಕಾಗುವ ಜಾಗವೇ ಒಂದಿದೆ. 1997ರಲ್ಲಿ ಮಿದುಳಿನ ವಿಜ್ಞಾನಿ ನ್ಯಾನ್ಸಿ ಕ್ಯಾನ್‌ವಿಶರ್ ಮತ್ತು ಜೊತೆಗಾರರು ಅದಕ್ಕೆ ಫ್ಯೂಸಿಫಾರ್ಮ್ ಫೇಸ್ ಏರಿಯಾ ಎಂದು ಹೆಸರಿಟ್ಟರು. ಮುಖ ಕಂಡ ಸುಮಾರು 170 ಮಿಲಿಸೆಕೆಂಡಿಗೇ ತಲೆಗೆ ಅಂಟಿಸಿದ ಎಲೆಕ್ಟ್ರೋಡ್‌ಗಳಲ್ಲಿ ಮಿದುಳು ಸ್ಪಂದಿಸಿದ ಸುಳಿವು ಸಿಗುತ್ತದೆ. 'ಇದು ಬ್ಯಾಗು ಕಣೋ' ಎಂದು ಬುದ್ಧಿ ಹೇಳುವಷ್ಟರಲ್ಲಿ ಹೆದರಿ ಮುಗಿದಿರುತ್ತದೆ.

ಆಗಷ್ಟೇ ಹುಟ್ಟಿದ ಮಗು ಕೂಡ ಕಣ್ಣು, ಮೂಗು ಕಲಸಿಟ್ಟ ಚಿತ್ರಕ್ಕಿಂತ ಮುಖದಂತಿರುವ ಚಿತ್ರದ ಕಡೆಗೇ ಜಾಸ್ತಿ ಕಣ್ಣು ಹೊರಳಿಸುತ್ತದೆ. ಯಾರು ಕಲಿಸಿದರು ಅದಕ್ಕೆ?

1976ರಲ್ಲಿ ವೈಕಿಂಗ್ 1 ನೌಕೆ ಮಂಗಳನ ಫೋಟೋ ಕಳಿಸಿದಾಗ ಅಲ್ಲೂ ಒಂದು ಮುಖ ಕಂಡಿತ್ತಲ್ವಾ? ಎಷ್ಟೋ ಕಥೆ ಹುಟ್ಟಿದವು. 2001ರ ಸ್ಪಷ್ಟ ಫೋಟೋದಲ್ಲಿ ನೋಡಿದರೆ ಬರೀ ಗುಡ್ಡ. ನೆರಳು ಬಿದ್ದ ರೀತಿ ಹಾಗಿತ್ತು, ಅಷ್ಟೇ. ನನ್ನ ಬ್ಯಾಗಿನ ಅಣ್ಣ.

ಸುಮ್ನೆ ನೋಡೋಣ ಅಂತ ಬ್ಯಾಗನ್ನು ತಲೆಕೆಳಗು ಮಾಡಿ ನೇತುಹಾಕಿದೆ. ಮುಖ ಮಾಯ! ಈಗ ಹಾಗೇ ಬಿಟ್ಟಿದ್ದೇನೆ. ಪೆನ್ನುಗಳು ಒಂದೊಂದಾಗಿ ಕೆಳಗೆ ಬೀಳುತ್ತಿವೆ, ಬೀಳಲಿ.