ಮೇಷ್ಟ್ರ ಡಿಸ್ಕಿನ ಟಿಕ್ ಟಿಕ್

12 ಆಗಸ್ಟ್ 2023, ಶನಿವಾರ

ಅಧಿಕ ಮಾಸ. ಲಗ್ನಪತ್ರಿಕೆ ಕೆಲಸ ಒಂದೂ ಇಲ್ಲ, ಅಂಗಡಿ ಖಾಲಿ. ಬೆಳಗ್ಗೆ ಮೇಷ್ಟ್ರು ಫೋನ್ ಮಾಡಿದಾಗ ಪುರಸೊತ್ತಾಗಿಯೇ ಇದ್ದೆ.

"ಕಂಪ್ಯೂಟರ್ ಸದ್ದು ಮಾಡ್ತಿದೆ ಕಣಪ್ಪಾ."

"ಎಂಥಾ ಸದ್ದು ಮೇಷ್ಟ್ರೇ?"

"ಮೊದಲು ಕಿರ್ರ್ ಅನ್ನುತ್ತೆ. ಆಮೇಲೆ ಟಿಕ್. ಟಿಕ್. ಟಿಕ್. ಸ್ವಲ್ಪ ಸುಮ್ಮನಿದ್ದು ಮತ್ತೆ ಟಿಕ್."

ಮೂವತ್ತು ವರ್ಷ ವ್ಯಾಕರಣ ಪಾಠ ಮಾಡಿದ ಬಾಯಿ, ಒಂದೊಂದು ಟಿಕ್ಕೂ ಅಷ್ಟು ಸ್ಪಷ್ಟ. ನಗು ಬಂತು. ಆದರೆ ಮೂರಕ್ಕೂ ಒಂದೇ ಅಂತರ ಕೊಟ್ಟು ಹೇಳಿದ್ದು ಗಮನಕ್ಕೆ ಬಂದ ಮೇಲೆ ನಗು ನಿಂತಿತು. "ಆಫ್ ಮಾಡಿ, ಬಂದೆ" ಅಂದೆ.

ಹನುಮಂತನಗರದ ಮನೆಯಲ್ಲಿ ಕ್ಯಾಬಿನೆಟ್ಟಿನ ಪಕ್ಕದ ತಗಡು ಬಿಚ್ಚಿದರೆ ಕಿರ್ರ್‌ಗೆ ಕಾರಣ ಕಣ್ಣೆದುರೇ ಇತ್ತು. ಒಂದು ವೈರು ಜಾರಿ ಫ್ಯಾನಿನ ರೆಕ್ಕೆಗೆ ತಗಲುತ್ತಿತ್ತು. ಪಕ್ಕಕ್ಕೆ ಕಟ್ಟಿದೆ, ನಿಂತಿತು. "ಸರಿಹೋಯ್ತಲ್ಲ!" ಅಂದರು ಮೇಷ್ಟ್ರು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನ ಫೈಲುಗಳೆಲ್ಲ ಇರೋ ಹಾರ್ಡ್ ಡಿಸ್ಕಿನ ಮೇಲಿಟ್ಟು ಹಿಡಿಯನ್ನ ಕಿವಿ ಹಿಂದಿನ ಮೂಳೆಗೆ ಒತ್ತಿಕೊಂಡೆ. ನಿಮಿಷಕ್ಕೆ 7200 ಸುತ್ತು, ಅಂದರೆ ಸೆಕೆಂಡಿಗೆ 120. ಚೆನ್ನಾಗಿರೋ ಡಿಸ್ಕು ತಂಬೂರಿ ಶ್ರುತಿಯ ಹಾಗೆ ಒಂದೇ ಸಮ ಗುಂಯ್ ಅನ್ನುತ್ತೆ. ಇಲ್ಲೂ ಶ್ರುತಿ ಸರಿಯಿತ್ತು, ಮೋಟಾರಿಗೆ ಏನೂ ಆಗಿಲ್ಲ. ಅದರ ಮೇಲೆ ಟಿಕ್. ಓದೋ ಹೆಡ್ಡಿಗೆ ತನ್ನ ಜಾಡು ಸಿಗ್ತಿಲ್ಲ. ವಾಪಸ್ ಬಂದು ಮತ್ತೆ ಹುಡುಕೋಕೆ ಹೋಗ್ತಿದೆ. ಕರೆಂಟು ಸರಿಯಾಗಿ ಬರದಿದ್ದರೂ ಹೀಗೇ ಸದ್ದು ಬರೋದುಂಟು, ಪವರ್ ಕೇಬಲ್ ಬದಲಾಯಿಸಿದೆ. ನಿಲ್ಲಲಿಲ್ಲ. ಡಿಸ್ಕು ತನ್ನ ಆರೋಗ್ಯದ ಬಗ್ಗೆ ತಾನೇ ಕೊಡೋ ಸ್ಮಾರ್ಟ್ ವರದಿ ತೆಗೆದರೆ ಪೆಂಡಿಂಗ್ ಸೆಕ್ಟರ್, ಅಂದರೆ ಓದೋಕೆ ಬಾರದ ಜಾಗಗಳ ಸಾಲು ಕೆಂಪಾಗಿತ್ತು.

"ಪ್ಲಾಸ್ಟಿಕ್ ಕವರಲ್ಲಿ ಸುತ್ತಿ ಫ್ರೀಜರಲ್ಲಿ ಇಟ್ಟರೆ ಸರಿಹೋಗುತ್ತಂತೆ, ಅಣ್ಣನ ಮಗ ಹೇಳ್ದ."

ಅಡುಗೆಮನೆಯಿಂದ ಅಮ್ಮಾವ್ರು: "ಅಲ್ಲಿ ಅವರೆಕಾಳಿದೆ. ಜಾಗ ಇಲ್ಲ."

ಈ ಫ್ರೀಜರ್ ವೈದ್ಯ ಕಂಡುಹಿಡಿದವನು ಎದುರಿಗೆ ಸಿಗಬೇಕು ನನಗೆ. ಹೊರಗೆ ತೆಗೆದ ಕೂಡಲೇ ಒಳಗೆ ತೇವ ಕಟ್ಟುತ್ತೆ. ಹೆಡ್ಡು ಒಳಗೆ ತಿರುಗೋ ತಟ್ಟೆಯಿಂದ ಕೆಲವೇ ನ್ಯಾನೋಮೀಟರ್ ಮೇಲೆ ತೇಲೋದು, ನೀರಿನ ಒಂದು ಕಣ ಸಾಕು. ವಿಂಡೋಸ್ ಬೇರೆ ಡಿಸ್ಕ್ ಚೆಕ್ ಮಾಡಲಾ ಅಂತ ಕೇಳ್ತಿತ್ತು, ಬೇಡ ಅಂದೆ. ಸಾಯ್ತಿರೋ ಡಿಸ್ಕಿನ ಮೇಲೆ ರಿಪೇರಿ ಓಡಿಸಬಾರದು, ಮೊದಲು ನಕಲು.

"ಒಂದೇ ಒಂದು ಫೈಲು ನೋಡ್ಕೊಂಡು ಬಿಡ್ತೀನಪ್ಪಾ."

"ಯಾವುದು?"

ಮೇಷ್ಟ್ರು ಬೀದಿಯ ಗಣೇಶನ ಕಮಿಟಿಗೆ ಖಜಾಂಚಿ. ಜಮಾ ಖರ್ಚೆಲ್ಲ ಪ್ರಿಂಟಾಗಿ ಫೈಲಿನಲ್ಲಿದೆ, ಅದರ ಚಿಂತೆ ಇಲ್ಲ. ಚಿಂತೆ ಇನ್ನೊಂದು ಪಟ್ಟಿಯದು: ಚಂದಾ ಬರೆಸಿ ಕೊಡದವರದ್ದು. 2009ರಿಂದ, ಹೆಸರು, ಮೊತ್ತ, ಆಗ ಹೇಳಿದ ನೆಪ ಸಮೇತ! ಅದನ್ನ ಮಾತ್ರ ಪ್ರಿಂಟ್ ಮಾಡಿಸಿಲ್ಲ. "ಯಾರ ಕೈಗಾದರೂ ಸಿಕ್ಕಿದರೆ ಜಗಳ ಅಲ್ವೇನಪ್ಪಾ" ಅಂತ ಮೆಲ್ಲಗೆ ಹೇಳಿದರು. ಮುಂದಿನ ತಿಂಗಳು 18ಕ್ಕೆ ಹಬ್ಬ.

ಮಧ್ಯಾಹ್ನ ಕಂಪ್ಯೂಟರ್ ಸಾಮಾನಿನ ಎಸ್.ಪಿ. ರೋಡು, ಹೊಸ ಡಿಸ್ಕು. ಈಗ ಮೇಜಿನ ಮೇಲೆ ಡಿಡಿರೆಸ್ಕ್ಯೂ ಓಡ್ತಿದೆ, ಕೆಟ್ಟ ಡಿಸ್ಕಿನಿಂದ ನಕಲು ತೆಗೆಯೋ ಪ್ರೋಗ್ರಾಂ. ಓದೋಕೆ ಬರೋದನ್ನೆಲ್ಲ ಮೊದಲು ಎತ್ತಿಕೊಂಡು ಕೆಟ್ಟ ಜಾಗಕ್ಕೆ ಕೊನೆಗೆ ಹೋಗುತ್ತೆ. ಎಲ್ಲಿಗೆ ಬಂತು ಅಂತ ಬರೆದಿಟ್ಟುಕೊಳ್ಳೋದರಿಂದ ಮಧ್ಯೆ ನಿಲ್ಲಿಸಿ ಡಿಸ್ಕನ್ನ ತಣಿಸಬಹುದು. ಮುಕ್ಕಾಲು ಭಾಗ ಬಂದಿದೆ. ಸದ್ದು ಜಾಸ್ತಿಯಾಗಿದೆ.

ಇದೂ ಕೈಕೊಟ್ಟರೆ ಉಳಿಯೋದು ಕ್ಲೀನ್ ರೂಮ್, ಅಂದರೆ ಡಿಸ್ಕು ಬಿಚ್ಚೋಕೆ ಧೂಳಿಲ್ಲದ ಕೋಣೆ ಇರೋ ಲ್ಯಾಬು. ಅಲ್ಲಿನ ಬಿಲ್ಲು ಬಾಕಿದಾರರ ಮೊತ್ತಕ್ಕಿಂತ ಹೆಚ್ಚಾದೀತು, ಕಮಿಟಿ ಒಪ್ಪೋದಿಲ್ಲ. ಒಪ್ಪೋರಾದರೂ ಯಾರು, ಅರ್ಧ ಕಮಿಟಿ ಆ ಪಟ್ಟಿಯಲ್ಲೇ ಇರಬಹುದು. ನಮ್ಮ ಮಾವನವರೂ ಅದೇ ಬೀದಿ. ಅವರು ಕೈ ಬಿಚ್ಚೋ ಪೈಕಿ ಅಲ್ಲ, ನಾಳೆ ಫೈಲು ತೆರೆದರೆ ಪಕ್ಕದಲ್ಲಿ ಮೇಷ್ಟ್ರು ಕೂತಿರ್ತಾರೆ, ಇವಳಿಗೆ ಈಗಲೇ ಒಂದು ಮಾತು ಹೇಳಿಡೋಣ ಅಂದರೆ...